ಚಿ. ಸುಮಾಳಿಗೆ ಮೌಶಿಯ ಪತ್ರ

ಧಾರವಾಡ

ಚಿ. ಸುಮಾಳಿಗೆ ಮೌಶಿಯ ಅನೇಕ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿರುತ್ತಾಳೆ. ಮಹಿಳೆಯರ ಸಮಾನತೆಯ ಮೇಲೆ ಪಿಎಚ್.ಡಿ. ಮಾಡಿದರೆ ಜೀವನವಿಡೀ ಹೆಣ್ಣುಮಕ್ಕಳ ವಿಷಯದವಳೆಂದೇ ಉಳಿಯುತ್ತೇನೆ, ಸಂವಿಧಾನದ ವಿದ್ವಾಂಸಳೆಂದು ಯಾರೂ ಎಣಿಸುವುದಿಲ್ಲ ಎಂದು ನೀನು ಬರೆದ ಸಾಲು ನನ್ನನ್ನು ಬಹಳ ಕಾಡಿದೆ.

ಆ ಭಯ ಸುಳ್ಳೆಂದು ನಾನು ಹೇಳಲಾರೆ. ವಕೀಲಿ ಮಾಡಿದಷ್ಟು ಕಾಲವೂ ಪೋಟಗಿ (ಜೀವನಾಂಶ) ಮತ್ತು ವಾಟ್ನಿಯ (ಆಸ್ತಿ ಪಾಲಿನ) ದಾವೆಗಳೇ ನನ್ನ ಪಾಲಿಗೆ ಬಂದವು, ದೊಡ್ಡ ಪ್ರಶ್ನೆಗಳೆಲ್ಲ ಗಂಡಸರ ಕಡೆ ಹೋದವು. ಆದರೆ ಸಂವಿಧಾನ ಇದ್ದದ್ದು ಆ ವಾಟ್ನಿಯ ಕಾಗದಗಳಲ್ಲಿಯೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 1994ರ ಕರ್ನಾಟಕ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸರಿಸಮ ಹಕ್ಕು ಕೊಟ್ಟಿತು. ಅದು ಜಾರಿಗೆ ಬರುವ ಮೊದಲೇ ಮದುವೆಯಾದವಳನ್ನು ಮಾತ್ರ ಹೊರಗಿಟ್ಟಿತು. ನವಲಗುಂದದ ಕಡೆಯಿಂದ ಅಕ್ಕತಂಗಿಯರು ಜೊತೆಯಾಗಿ ಬಂದು ಕೂತಾಗ, ತಂಗಿಗೆ ಪಾಲುಂಟು, ಅಕ್ಕನಿಗಿಲ್ಲ ಎಂದು ಹೇಳಬೇಕಾಗುತ್ತಿತ್ತು. ಅದೇ ತಂದೆ, ಅದೇ ಎರಿಹೊಲ. ಮದುವೆಯಾದ ಮಗನ ಹಕ್ಕು ಉಳಿಯುವಾಗ ಮದುವೆಯಾದ ಮಗಳ ಹಕ್ಕು ಏಕೆ ಹೋಗಬೇಕು ಎಂಬುದು ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುವ ಸಂವಿಧಾನದ 14ನೆಯ ವಿಧಿಯ ಪ್ರಶ್ನೆಯಲ್ಲವೇ?

2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಅದು ಜಾರಿಯಾದ ದಿನ ತಂದೆ ಬದುಕಿರಬೇಕೆಂಬ ನಿಬಂಧನೆಯಿಲ್ಲ ಎಂದು ಖಚಿತವಾಗಲು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನವರೆಗೆ ಕಾಯಬೇಕಾಯಿತು; ಅಷ್ಟಾದರೂ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿದ್ದ ವಾಟ್ನಿಗಳು ಹಾಗೆಯೇ ಉಳಿದವು. ಎಲ್.ಎಲ್.ಎಂ. ಓದುವ ನನ್ನ ಆಸೆ ಮನೆಯ ಹೊಣೆಯಲ್ಲಿ ಹಿಂದೆ ಬಿತ್ತು. ಆ ಅಕ್ಕಂದಿರ ಪ್ರಶ್ನೆಯನ್ನು ಹಿಡಿದು ಕೂತು ಬರೆಯುವವರು ಒಬ್ಬರಾದರೂ ಆಗ ನಮ್ಮ ಹತ್ತಿರ ಇದ್ದಿದ್ದರೆ ಎಂಬ ಕೊರಗು ಇನ್ನೂ ಹೋಗಿಲ್ಲ.

ಮತ್ತೆ ನಿನ್ನ ಮಾತಿಗೇ ಬರುತ್ತೇನೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸಿದ ಲೋತಿಕಾ ಸರ್ಕಾರ್ ಅವರು ಮಹಿಳೆಯರ ಸ್ಥಾನಮಾನ ಕುರಿತ 1974ರ ವರದಿಯ ಸಮಿತಿಯಲ್ಲಿದ್ದರು. 1979ರಲ್ಲಿ, ಮಥುರಾ ಎಂಬ ಹುಡುಗಿಯ ಮೇಲೆ ಠಾಣೆಯಲ್ಲಿ ಅತ್ಯಾಚಾರ ಮಾಡಿದ ಆರೋಪ ಹೊತ್ತ ಪೊಲೀಸರನ್ನು ಬಿಡುಗಡೆ ಮಾಡಿದ ತೀರ್ಪನ್ನು ಪ್ರಶ್ನಿಸಿ ಉಪೇಂದ್ರ ಬಕ್ಷಿ ಮೊದಲಾದ ಮೂವರೊಡನೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅದರಿಂದ ಎದ್ದ ಚರ್ಚೆ ಚಳವಳಿಯಾಗಿ, 1983ರಲ್ಲಿ ಅತ್ಯಾಚಾರದ ಕಾನೂನೇ ತಿದ್ದುಪಡಿಯಾಯಿತು. ಅವರನ್ನು ಹೆಣ್ಣುಮಕ್ಕಳ ವಿಷಯದವರೆಂದು ಯಾರಾದರೂ ಕರೆದಿದ್ದರೆ ಕರೆದಿರಲಿ. ಅವರ ಕೆಲಸವನ್ನು ಬಿಟ್ಟು ಈ ದೇಶದ ಕಾನೂನಿನ ಚರಿತ್ರೆಯನ್ನು ಬರೆಯಲಾಗದು.

ನಿನ್ನ ಮಾರ್ಗದರ್ಶಕರಿಗಿಂತ ನನಗೆ ಹೆಚ್ಚು ತಿಳಿಯದು, ಆದರೂ ಹೇಳುತ್ತೇನೆ: ಏರ್ ಇಂಡಿಯಾದ ಗಗನಸಖಿಯರ ಮೊಕದ್ದಮೆಯಾದ 1981ರ ನರ್ಗೇಶ್ ಮಿರ್ಜಾ ತೀರ್ಪನ್ನು ಇನ್ನೊಮ್ಮೆ ಓದು. ಮೊದಲ ಗರ್ಭಕ್ಕೇ ಗಗನಸಖಿಯ ಕೆಲಸ ಹೋಗುವ ನಿಯಮವನ್ನು ಕೋರ್ಟು ರದ್ದುಮಾಡಿತು, ಆದರೆ ಗಂಡಸರದು ಬೇರೆ ಶ್ರೇಣಿ ಎಂದು ಹೇಳಿ ಸಮಾನತೆಯ ವಾದವನ್ನು ಒಪ್ಪಲಿಲ್ಲ. ಯಾರನ್ನು ಬೇರೆ ವರ್ಗವೆಂದು ಬೇರೆಯಾಗಿ ನಡೆಸಿಕೊಳ್ಳಬಹುದು ಎಂಬ ವರ್ಗೀಕರಣದ ಸಿದ್ಧಾಂತವನ್ನು ಅಲ್ಲಿಂದ ಪರೀಕ್ಷಿಸಿದವಳನ್ನು ಸಂವಿಧಾನದ ವಿದ್ವಾಂಸಳಲ್ಲ ಎನ್ನಲು ನನಗೆ ಕಾರಣ ತೋರುವುದಿಲ್ಲ.

ನವನಗರದ ಕಾನೂನು ವಿಶ್ವವಿದ್ಯಾಲಯಕ್ಕೆ ಬಂದಾಗ ಮನೆಗೆ ಬಾ. ಹಳೆಯ ವಾಟ್ನಿ ದಾವೆಗಳ ತೀರ್ಪಿನ ನಕಲುಗಳಿವೆ, ಉಪಯೋಗಕ್ಕೆ ಬಂದರೆ ಒಯ್ಯಿ. ಆ ಹೆಣ್ಣುಮಕ್ಕಳ ಹೆಸರುಗಳನ್ನು ಮಾತ್ರ ಬರೆಯಬೇಡ.

ನಿನ್ನ ಮೌಶಿ