ಬೋರ್ಡಿನ ಮೇಲ್ತುದಿಗೆ ಮತ್ತೆ ಕೈ ಮುಟ್ಟಿದಾಗ

ಕಳೆದ ಸೋಮವಾರ ಒಂಬತ್ತನೇ ತರಗತಿಯ ಬೋರ್ಡಿನ ಮೇಲ್ತುದಿಯಲ್ಲಿ ದಿನಾಂಕವನ್ನು ನಾನೇ ಬರೆದೆ. 13 ತಿಂಗಳಿನಿಂದ ಆ ಸಾಲನ್ನು ಮಕ್ಕಳೇ ಸರದಿಯ ಮೇಲೆ ಬರೆಯುತ್ತಿದ್ದರು, ಏಕೆಂದರೆ ನನ್ನ ಬಲಗೈ ಎದೆಯ ಮಟ್ಟ ದಾಟಿ ಏಳುತ್ತಿರಲಿಲ್ಲ. ಆ ಕೈಯನ್ನು ಮತ್ತೆ ಮೇಲೇಳುವಂತೆ ಮಾಡಿದವರ ಋಣ ದೊಡ್ಡದು. ಅದನ್ನು ಎಲ್ಲರೆದುರು ನೆನೆಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನನಗೆ ಬಂದದ್ದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಳ್ಳುವ ತೊಂದರೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ನನಗೆ 51 ವರ್ಷ, ಸಕ್ಕರೆ ಕಾಯಿಲೆ ಬಂದು 9 ವರ್ಷ. ಮೊದಲು ಕಾಣಿಸಿಕೊಂಡದ್ದು ರಾತ್ರಿಯ ನೋವು. ಬಲ ಮಗ್ಗುಲಿಗೆ ಹೊರಳಿದರೆ ಸಾಕು, ಎಚ್ಚರವಾಗಿಬಿಡುತ್ತಿತ್ತು. ಆಮೇಲೆ ಒಂದೊಂದಾಗಿ ಕೆಲಸಗಳು ಕೈಬಿಟ್ಟವು. ಬಸ್ಸಿನ ಮೇಲಿನ ಕಂಬಿ ಹಿಡಿಯಲಾಗಲಿಲ್ಲ, ಸೆರಗನ್ನು ಹೆಗಲಿಗೆ ಪಿನ್ನು ಮಾಡಲಾಗಲಿಲ್ಲ, ಜಡೆ ಹಾಕಿಕೊಳ್ಳಲಾಗಲಿಲ್ಲ. ಜಡೆ ಹೆಣೆಯುವುದನ್ನು ನನ್ನ ಯಜಮಾನರು ಕಲಿತರು. ಬೆಳಗಿನ ಅವಸರದಲ್ಲಿ ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡು, ಮೂರು ಕಾಲುಗಳಲ್ಲಿ ಯಾವುದನ್ನು ಯಾವುದರ ಮೇಲೆ ತರಬೇಕೆಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತ ಅವರು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದುದನ್ನು ನಾನು ಮರೆಯುವುದಿಲ್ಲ.

ನಡುವೆ ಒಂದು ತಪ್ಪನ್ನೂ ಮಾಡಿದೆ. ಬಲ್ಲವರೊಬ್ಬರ ಮಾತು ನಂಬಿ, ಎಳೆದು ಸರಿಮಾಡುತ್ತಾರೆನ್ನುವ ಒಂದು ಕಡೆಗೆ ಹೋದೆ. ಅಲ್ಲಿ ಎಷ್ಟು ದಿನದಿಂದ ನೋವಿದೆ, ಸಕ್ಕರೆ ಎಷ್ಟಿದೆ ಎಂಬುದನ್ನು ಯಾರೂ ಕೇಳಲಿಲ್ಲ. ಇಬ್ಬರು ಹಿಡಿದುಕೊಂಡು ಕೈಯನ್ನು ಒಂದೇ ಸಲಕ್ಕೆ ಮೇಲಕ್ಕೆ ತಿರುಚಿದರು. ಅದಾದ ಮೇಲೆ ಎರಡು ವಾರ ನನಗೆ ನಿದ್ದೆಯೇ ಹತ್ತಲಿಲ್ಲ. ಯಾರಾದರೂ ನನ್ನ ತೋಳಿನ ಹತ್ತಿರ ಕೈ ತಂದರೆ ಮೈಯೆಲ್ಲ ಬಿಗಿಯಾಗುವಷ್ಟು ಭಯ ಉಳಿಯಿತು.

ಆ ಭಯವನ್ನು ಹೊತ್ತುಕೊಂಡೇ ಮೂಳೆ ವೈದ್ಯರ ಬಳಿಗೆ ಹೋದೆ. ಅವರು ಎಕ್ಸ್‌ರೇ ತೆಗೆಸಿ ಬೇರೆ ತೊಂದರೆಯಿಲ್ಲವೆಂದು ಖಚಿತಪಡಿಸಿಕೊಂಡು, ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು, ಆದರೆ ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ ಎಂದು ಬಿಡಿಸಿ ಹೇಳಿ, ತೀರ್ಮಾನವನ್ನು ನನಗೇ ಬಿಟ್ಟರು. ನಾನು ಬೇಡವೆಂದಾಗ ಬೇಸರಪಟ್ಟುಕೊಳ್ಳದೆ ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟರು. ಅವರಿಗೆ ನನ್ನ ಮೊದಲ ನಮಸ್ಕಾರ.

ಈ ಬರಹದ ಹೆಚ್ಚಿನ ಪಾಲು ಸಲ್ಲಬೇಕಾದದ್ದು ಆ ಫಿಸಿಯೋಥೆರಪಿಸ್ಟ್‌ಗೆ. ವಯಸ್ಸಿನಲ್ಲಿ ಅವರು ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ಚಿಕ್ಕವರು. ಮೊದಲ ದಿನ ಅವರು ಮಾಡಿದ್ದು ಅಳತೆ ಮಾತ್ರ. ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಎರಡು ಉದ್ದ ಪಟ್ಟಿ ಜೋಡಿಸಿದಂತಿರುವ ಗೋನಿಯೋಮೀಟರನ್ನು ನನ್ನ ಭುಜಕ್ಕಿಟ್ಟು ಓದಿದರು: ಪಕ್ಕಕ್ಕೆ ಎತ್ತಿದರೆ 70 ಡಿಗ್ರಿ, ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಿದರೆ ಬರೀ 10. ಗಣಿತ ಕಲಿಸುವ ನನಗೆ, ತಿಂಗಳುಗಳಿಂದ ಮಾತಿನಲ್ಲಿ ಹೇಳಲಾಗದೆ ಒದ್ದಾಡುತ್ತಿದ್ದ ಸಂಕಟ ಎರಡು ಸಂಖ್ಯೆಗಳಾಗಿ ಕಾಗದದ ಮೇಲೆ ಕೂತದ್ದೇ ಅರ್ಧ ಸಮಾಧಾನ ಕೊಟ್ಟಿತು. ಆಮೇಲೆ ತಾವೇ ಕೈ ಎತ್ತಿ ನೋಡಿದರು. ಆಗಲೂ ಅದು ಅಲ್ಲೇ ನಿಂತಿತು. ಬಲ ಸಾಲದೆ ಅಲ್ಲ, ಕೀಲನ್ನು ಸುತ್ತಿರುವ ಚೀಲದಂಥ ಪೊರೆಯೇ ದಪ್ಪವಾಗಿ ಬಿಗಿದಿರುವುದರಿಂದ ಕೈ ಏಳುತ್ತಿಲ್ಲ ಎಂದು ವಿವರಿಸಿದರು. ಪೂರ್ತಿ ಸಡಿಲವಾಗಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ ಎಂಬುದನ್ನೂ ಅಂದೇ ಹೇಳಿದರು. ಬೇಗ ಗುಣವಾಗುತ್ತದೆಂಬ ಸುಳ್ಳು ಭರವಸೆ ಕೊಡದಿದ್ದುದಕ್ಕೆ ಅವರಿಗೆ ವಿಶೇಷ ಕೃತಜ್ಞತೆ.

ಅವರ ಕೆಲಸವನ್ನು ಮಾಲೀಶು ಎಂದು ನಾನೂ ತಪ್ಪು ತಿಳಿದಿದ್ದೆ. ತೋಳು ಪಕ್ಕಕ್ಕೆ ಏಳುವಾಗ ಅದರ ಮೂಳೆಯ ಗುಂಡು ತುದಿ ಕುಳಿಯೊಳಗೆ ತುಸು ಕೆಳಕ್ಕೆ ಜಾರಬೇಕು. ಬಿಗಿದ ಪೊರೆ ಅದಕ್ಕೆ ಎಡೆ ಕೊಡುವುದಿಲ್ಲ. ಅವರು ಒಂದು ಕೈಯಿಂದ ಹೆಗಲ ಹಲಗೆಯನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಆ ಗುಂಡು ತುದಿಯನ್ನು ತೊಟ್ಟಿಲು ತೂಗುವ ಲಯದಲ್ಲಿ ಒತ್ತಿ ಬಿಡುತ್ತಿದ್ದರು. ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ ಅವರ ಪದ್ಧತಿಯಲ್ಲಿ ಈ ಒತ್ತುವಿಕೆಗೆ ನಾಲ್ಕು ದರ್ಜೆಗಳಿವೆಯಂತೆ: ಮೊದಲೆರಡು ಬಿಗಿತದ ಅಂಚನ್ನು ಮುಟ್ಟದೆ ನೋವು ತಗ್ಗಿಸಲು, ಕೊನೆಯೆರಡು ಅಂಚಿನವರೆಗೆ ಹೋಗಿ ಬಿಗಿತ ಸಡಿಲಿಸಲು. ನನ್ನ ಭಯ ಅರಿತು ಮೊದಲ ಮೂರು ವಾರ ಅವರು ಎರಡನೇ ದರ್ಜೆಯನ್ನು ದಾಟಲೇ ಇಲ್ಲ. “ಮೇಡಂ, ಕೈಯ ಭಾರ ನನಗೆ ಬಿಟ್ಟುಬಿಡಿ, ನೋವಾದ ಕಡೆ ಹೇಳಿ, ಅಲ್ಲೇ ನಿಲ್ಲಿಸುತ್ತೇನೆ” ಎಂದರು, ಹೇಳಿದಾಗಲೆಲ್ಲ ನಿಲ್ಲಿಸಿದರು. ಒಂದು ಸಂಜೆ, ನನಗೆ ಗೊತ್ತೇ ಆಗದಂತೆ, ಆ ಕೈಯ ಭಾರವೆಲ್ಲ ಅವರ ಅಂಗೈಗೆ ಇಳಿದಿತ್ತು. ಅಂದು ಮನೆಗೆ ಬಂದು ಬೆಳಗಿನವರೆಗೆ ಮಲಗಿದೆ.

ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಲಿಸಿದರು: ಮೇಜಿಗೆ ಬಾಗಿ ಕೈಯನ್ನು ಲೋಲಕದಂತೆ ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ನಡೆಸುವುದು, ಟವೆಲ್ಲಿನಿಂದ ಬೆನ್ನ ಹಿಂದೆ ಎಳೆಯುವುದು. ಈ ತೊಂದರೆ ಕಾಲ ಕಳೆದಂತೆ ತಾನಾಗಿಯೂ ಸಡಿಲವಾಗುವುದುಂಟು, ಎಲ್ಲವನ್ನೂ ತಮ್ಮ ಲೆಕ್ಕಕ್ಕೆ ಬರೆಯಬೇಡಿ ಎಂದು ಅವರೇ ಹೇಳುತ್ತಾರೆ. ಅವರ ಪ್ರಾಮಾಣಿಕತೆ ದೊಡ್ಡದು. ಆದರೂ ಆ ತಿಂಗಳುಗಳಲ್ಲಿ ನನಗೆ ನಿದ್ದೆ ಮರಳಿ ಕೊಟ್ಟದ್ದು ಅವರ ಕೈಗಳೇ ಎಂದು ನಾನು ನಂಬಿದ್ದೇನೆ.

ನನ್ನ ಬೋರ್ಡಿನ ಕೆಲಸ ಹಗುರಾಗಲೆಂದು ತರಗತಿಗಳನ್ನು ಅದಲುಬದಲು ಮಾಡಿಕೊಂಡ ಸಹೋದ್ಯೋಗಿಗಳಿಗೆ, ವೃತ್ತ ಎಳೆಯಲು ದೊಡ್ಡ ಕೈವಾರ ಹಿಡಿದು ನನ್ನ ಬಲಗೈಯಾಗಿ ನಿಂತ ಮಕ್ಕಳಿಗೆ, ಮೇಲಿನ ಕಪಾಟಿನ ಡಬ್ಬಗಳನ್ನೆಲ್ಲ ಕೇಳದೆಯೇ ಕೆಳಗಿಳಿಸಿಟ್ಟ ಅತ್ತೆಯವರಿಗೆ ಹೃತ್ಪೂರ್ವಕ ವಂದನೆಗಳು.

ಕೊನೆಯ ಭೇಟಿಯಲ್ಲಿ ಅಳತೆ 160 ಮತ್ತು 65 ಡಿಗ್ರಿಗೆ ಬಂದಿದೆ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಭುಜಕ್ಕೂ ಇದು ಬರಬಹುದಾದ್ದರಿಂದ ಅವರು ನನ್ನ ಎಡಗೈಯನ್ನೂ ಅಳೆದು ಬರೆದಿಟ್ಟುಕೊಂಡಿದ್ದಾರೆ. ಮೂರು ತಿಂಗಳ ನಂತರ ಎರಡನ್ನೂ ತೋರಿಸಲು ಹೋಗಲಿದ್ದೇನೆ, ಈ ಸಲ ನಾನೇ ಹೆಣೆದುಕೊಂಡ ಜಡೆಯಲ್ಲಿ.