‘ರಾತ್ರಿ ಗೂಬೆ’ ಅಂದರೆ ಯಾರು?

ಮಾನ್ಯರೇ,

ಹೋದ ವಾರ ನಿಮ್ಮ ಪುರವಣಿಯಲ್ಲಿ ನಿದ್ದೆಯ ಬಗ್ಗೆ ಒಂದು ಲೇಖನ ಬಂದಿತ್ತು. ಒಳ್ಳೆಯ ಲೇಖನವೇ. ಆದರೆ ಅದರ ಮೊದಲ ಸಾಲು ‘ನೀವು ಬೇಗ ಏಳುವ ಹಕ್ಕಿಯೋ, ರಾತ್ರಿ ಗೂಬೆಯೋ?’ ಎಂದಿತ್ತು. ಹಾಸನದಲ್ಲಿರುವ ನಮ್ಮಮ್ಮ ಅದನ್ನು ಓದಿ ನನಗೆ ಫೋನ್ ಮಾಡಿದರು. ‘ಅಲ್ಲ ಕಣೋ, ಗೂಬೆ ಅಂತ ಯಾಕೆ ಬೈದಿದ್ದಾರೆ? ರಾತ್ರಿ ಪಾಳಿ ಮಾಡೋರು ಏನು ತಪ್ಪು ಮಾಡಿದ್ರು?’ ಎಂದು ಕೇಳಿದರು.

ಅಮ್ಮ ಕೇಳಿದ್ದು ಸರಿಯಾಗಿಯೇ ಇದೆ. ಇಂಗ್ಲಿಷಿನವರು ರಾತ್ರಿ ಎಚ್ಚರ ಇರುವವರನ್ನು ಗೂಬೆ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮಲ್ಲಿ ಗೂಬೆ ಮನೆ ಮೇಲೆ ಕೂತರೆ ಅಪಶಕುನ, ಪೆದ್ದನಿಗೂ ಗೂಬೆ ಅನ್ನುತ್ತೇವೆ, ತಾನು ಮಾಡಿದ ತಪ್ಪನ್ನು ಬೇರೆಯವರ ತಲೆಗೆ ಕಟ್ಟಿದರೆ ‘ಗೂಬೆ ಕೂರಿಸಿದ’ ಅನ್ನುತ್ತೇವೆ. ಇಷ್ಟೆಲ್ಲ ಹೊತ್ತಿರುವ ಪದವನ್ನು ಓದುಗರ ಮೇಲೆ ಸುಮ್ನೆ ಹಾಕಿದರೆ ಹೇಗೆ?

ನಾನು ಆರು ವರ್ಷದಿಂದ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇನೆ. ಸಂಜೆ ತರಗತಿಗೆ ಹೋಗಿ ಡಚ್ ಕಲಿತೆ. ಇಲ್ಲಿನ ಜನಕ್ಕೆ ಇಂಗ್ಲಿಷ್ ನಮಗಿಂತ ಹತ್ತಿರ, ಎರಡೂ ಒಂದೇ ಬೇರಿನ ಭಾಷೆಗಳು, ಅಂಗಡಿಯವರಿಂದ ಹಿಡಿದು ಬಸ್ ಡ್ರೈವರ್ ತನಕ ಹೆಚ್ಚಿನವರು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ. ಆದರೂ ಮಲಗುವ ಏಳುವ ಮಾತು ಬಂದರೆ ತಮ್ಮದೇ ನುಡಿಗಟ್ಟು ಹಿಡಿಯುತ್ತಾರೆ. ಅದೇ ಗೂಬೆಯನ್ನು ತೆಗೆದುಕೊಳ್ಳಿ. ಡಚ್ಚಿನಲ್ಲಿ ‘ಔಲ್ಟ್ಯೆ ಕ್ನಾಪೆನ್’ ಅಂತ ಒಂದು ಮಾತಿದೆ. ಔಲ್ಟ್ಯೆ ಅಂದರೆ ಪುಟ್ಟ ಗೂಬೆ, ರಾತ್ರಿ ದೀಪಕ್ಕೆ ಬರುವ ಪತಂಗಕ್ಕೂ ಅದೇ ಹೆಸರು. ಆ ‘ಪುಟ್ಟ ಗೂಬೆ ಹಿಡಿಯುವುದು’ ಅಂದರೆ ಊಟವಾದ ಮೇಲೆ ಒಂದು ಜೋಂಪು ತೆಗೆಯುವುದು! ಇಂಗ್ಲಿಷಿನ ಗೂಬೆ ರಾತ್ರಿಯಿಡೀ ಎಚ್ಚರ, ಡಚ್ ಗೂಬೆ ಮಧ್ಯಾಹ್ನವೇ ನಿದ್ದೆ. ರಾತ್ರಿ ತಡವಾಗಿ ಮಲಗುವವರಿಗೆ ಆಫೀಸಿನಲ್ಲಿ ನಾನು ಕೇಳುವ ಪದ ‘ಆವೊಂಟ್‌ಮೆನ್ಸ್’, ಅಂದರೆ ಸಂಜೆಯ ಮನುಷ್ಯ. ಎಷ್ಟು ಸರಳ ಅಲ್ವಾ?

ಇನ್ನು ಕೋಳಿ. ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಜೂನ್ ತಿಂಗಳಲ್ಲಿ ಇಲ್ಲಿ ರಾತ್ರಿ ಹತ್ತರ ತನಕ ಬಿಸಿಲು. ಒಂದು ದಿನ ಎಂಟೂವರೆಗೆ ನಾನು ಬೇಲಿ ಹತ್ತಿರ ಗಿಡಕ್ಕೆ ನೀರು ಹಾಕುತ್ತಿದ್ದೆ. ಅಜ್ಜಿ ಒಂದು ಕೈಯಲ್ಲಿ ಖಾಲಿ ಚಹಾ ಲೋಟ ಹಿಡಿದು, ಇನ್ನೊಂದು ಕೈಯಿಂದ ಕಿಟಕಿಯ ರೋಲಿಂಗ್ ಬಾಗಿಲಿನ ಪಟ್ಟಿ ಎಳೆಯುತ್ತಾ ‘ಮೆಟ್ ದೆ ಕಿಪ್ಪೆನ್ ಒಪ್ ಸ್ಟಾಕ್’ ಅಂದರು. ಕೋಳಿಗಳ ಜೊತೆ ಅಡ್ಡಗೋಲು ಹತ್ತುತ್ತೇನೆ, ಅಂದರೆ ಬೇಗ ಮಲಗುತ್ತೇನೆ ಅಂತ. ಆ ಬಿಸಿಲಿನಲ್ಲಿ ನಿಜವಾದ ಕೋಳಿ ಯಾವುದೂ ಮಲಗಿರಲಿಕ್ಕಿಲ್ಲ. ಆದರೂ ಅಜ್ಜಿಯ ಬಾಯಿಗೆ ಬಂದದ್ದು ಹಿತ್ತಲಿನ ಕೋಳಿಗೂಡು. ಇಂಗ್ಲಿಷಿನಲ್ಲಿ ಇದಕ್ಕೆ ಹಳೆಯ ಗಾದೆ ಬೇರೆ ಇದೆ: ಕುರಿಮರಿಯ ಜೊತೆ ಮಲಗು, ಲಾರ್ಕ್ ಹಕ್ಕಿಯ ಜೊತೆ ಏಳು. ಅವರವರ ಹಟ್ಟಿಯಲ್ಲಿ ಇದ್ದದ್ದು ಅವರವರ ಮಾತಿಗೆ ಬಂತು.

ಇಂಗ್ಲಿಷಿನವರು ಮಲಗಲು ಹೋಗುವುದಕ್ಕೆ ‘ಹಿಟ್ ದ ಹೇ’ ಅನ್ನುತ್ತಾರೆ. ಹಿಂದೆ ಹಾಸಿಗೆಗೆ ಒಣಹುಲ್ಲು ತುಂಬುತ್ತಿದ್ದರು. ಅದನ್ನು ಯಾರೋ ‘ಹುಲ್ಲಿಗೆ ಹೊಡೆಯಿರಿ’ ಅಂತ ಕನ್ನಡಕ್ಕೆ ತಂದದ್ದನ್ನೂ ನಾನು ಓದಿದ್ದೇನೆ. ಓದಿ ನಿಜವಾಗಿಯೂ ಸಂಕಟವಾಯಿತು. ಡಚ್ಚರು ‘ಒಂಡರ್ ದೆ ವೊಲ್’ ಅನ್ನುತ್ತಾರೆ, ಉಣ್ಣೆಯೊಳಗೆ ತೂರಿಕೊಳ್ಳುವುದು ಅಂತ. ಈ ಚಳಿಯಲ್ಲಿ ಅವರಿಗೆ ನೆನಪಾಗುವುದು ಕೆಳಗಿನ ಹುಲ್ಲಲ್ಲ, ಮೇಲಿನ ಕಂಬಳಿ. ನಮಗೂ ಅದೇ ಅಲ್ವಾ, ‘ಕಂಬಳಿ ಹೊದ್ದು ಮಲಗು’. ಇಲ್ಲಿ ಕನ್ನಡಕ್ಕೆ ಡಚ್ಚೇ ಹತ್ತಿರ. ನಿದ್ದೆಗೆ ಜಾರುವುದಕ್ಕೆ ‘ಒಂಡರ್ ಝೈಲ್’, ಅಂದರೆ ಹಾಯಿ ಬಿಚ್ಚಿ ಹೊರಡುವುದು ಅಂತಲೂ ಹೇಳುತ್ತಾರೆ. ಸಮುದ್ರ ನಂಬಿ ಬದುಕಿದ ಜನ, ನಿದ್ದೆಯೂ ಹಡಗಾಯಿತು.

ಬೇಗ ಏಳುವುದನ್ನು ಹೊಗಳುವುದರಲ್ಲೂ ಇಬ್ಬರ ದಾರಿ ಬೇರೆ. ಬೇಗ ಮಲಗಿ ಬೇಗ ಎದ್ದರೆ ಆರೋಗ್ಯ, ಹಣ, ಬುದ್ಧಿ ಮೂರೂ ಬರುತ್ತದೆ ಅನ್ನುವ ಇಂಗ್ಲಿಷ್ ಗಾದೆಯನ್ನು ಅಮೆರಿಕದ ಬರಹಗಾರ ಬೆಂಜಮಿನ್ ಫ್ರಾಂಕ್ಲಿನ್ 1735ರಲ್ಲಿ ತನ್ನ ಪಂಚಾಂಗದಲ್ಲಿ ಅಚ್ಚು ಹಾಕಿದ್ದ, ಗಾದೆ ಅವನಿಗಿಂತ ಹಳೆಯದು. ಡಚ್ಚರು ‘ಬೆಳಗಿನ ಹೊತ್ತಿನ ಬಾಯಲ್ಲಿ ಚಿನ್ನ ಇದೆ’ ಅಂದು ಮುಗಿಸುತ್ತಾರೆ. ರಾತ್ರಿ ಕುಡಿದು ಕುಣಿದು ಬೆಳಿಗ್ಗೆ ಏಳಲಾರದವನಿಗೆ ಇನ್ನೊಂದು ಮಾತು: ‘ಸಂಜೆ ಗಂಡಸಾದವನು ಬೆಳಿಗ್ಗೆಯೂ ಗಂಡಸಾಗಿರಬೇಕು’. ಇದಕ್ಕೆ ಇಂಗ್ಲಿಷಿನಲ್ಲಿ ಸರಿಸಾಟಿ ನನಗೆ ಸಿಕ್ಕಿಲ್ಲ.

ಎಲ್ಲವೂ ಬೇರೆ ಬೇರೆ ಅಂತ ನಾನು ಹೇಳುತ್ತಿಲ್ಲ. ಬೇಗ ಏಳುವ ಹಕ್ಕಿ ಡಚ್ಚಿನಲ್ಲೂ ಇದೆ. ಬೆಳಿಗ್ಗೆಯಿಂದ ಸಿಡುಕುತ್ತಿರುವವನನ್ನು ಇಂಗ್ಲಿಷ್ ‘ಹಾಸಿಗೆಯ ತಪ್ಪು ಬದಿಯಿಂದ ಎದ್ದ’ ಅಂದರೆ, ಡಚ್ ‘ತಪ್ಪು ಕಾಲಿಟ್ಟು ಎದ್ದ’ ಅನ್ನುತ್ತದೆ, ನಾವು ‘ಇವತ್ತು ಯಾವ ಮಗ್ಗುಲಲ್ಲಿ ಎದ್ದೆಯೋ’ ಅನ್ನುತ್ತೇವೆ. ಒಂದು ರಾತ್ರಿ ಮಲಗಿ ಎದ್ದು ಆಮೇಲೆ ತೀರ್ಮಾನಿಸೋಣ ಅನ್ನುವುದೂ ಎರಡೂ ಭಾಷೆಯಲ್ಲಿದೆ. ಡಚ್ಚರು ಮಾತ್ರ ಆ ರಾತ್ರಿಯನ್ನು ‘ನಾಖ್ತ್ಯೆ’, ಪುಟ್ಟ ರಾತ್ರಿ ಮಾಡಿಕೊಳ್ಳುತ್ತಾರೆ. ಪುಟ್ಟ ಗೂಬೆ, ಪುಟ್ಟ ರಾತ್ರಿ, ಮಲಗುವ ಮೊದಲು ಕುಡಿಯುವ ಕೊನೆಯ ಗುಟುಕಿಗೆ ಪುಟ್ಟ ನಿದ್ದೆಟೋಪಿ. ಕೊನೆಗೆ ಮಕ್ಕಳಿಗೆ ‘ಸ್ಲಾಪ್ ಲೆಕ್ಕರ್’, ರುಚಿಯಾಗಿ ನಿದ್ದೆ ಮಾಡು ಅನ್ನುತ್ತಾರೆ. ಊಟಕ್ಕೆ ಹೇಳುವ ಪದವೇ ನಿದ್ದೆಗೂ. ನನಗೆ ಈ ಭಾಷೆಯ ಮೇಲೆ ಪ್ರೀತಿ ಹುಟ್ಟಿದ್ದು ಈ ಒಂದು ಮಾತಿನಿಂದ.

ತಮ್ಮ ನುಡಿಗಟ್ಟನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಡಚ್ಚರಲ್ಲಿ ಒಂದು ಹೆಸರಿದೆ, ‘ಕಲ್ಲಿದ್ದಲು ಇಂಗ್ಲಿಷ್’. ಹಿಂದೆ ಕಲ್ಲಿದ್ದಲು ತರುತ್ತಿದ್ದ ಇಂಗ್ಲಿಷ್ ಹಡಗುಗಳ ಜೊತೆ ಬಂದರಿನ ಕೂಲಿಯವರು ಹೇಗೋ ಹೇಗೋ ಮಾತಾಡುತ್ತಿದ್ದರಂತೆ, ಅದರಿಂದ ಬಂದ ಹೆಸರು. ಕೂಲಿಯವರಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ಪತ್ರಿಕೆಗಳಿಗೆ ಇದೆ. ಕೋಳಿನಿದ್ದೆ, ಕುಂಭಕರ್ಣನ ನಿದ್ದೆ, ತೂಕಡಿಕೆ, ಮಂಪರು, ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಇವೆಲ್ಲ ಇರುವಾಗ ಹುಲ್ಲಿಗೆ ಯಾಕೆ ಹೊಡೆಯಬೇಕು? ಅನುವಾದ ಮಾಡುವವರಿಗೆ ಸಮಯ ಇರುವುದಿಲ್ಲ, ನನಗೆ ಗೊತ್ತು. ಆದರೆ ಇಂಥ ಸಾಲು ಬಂದಾಗ ಮನೆಯಲ್ಲಿ ಯಾರನ್ನಾದರೂ ಒಮ್ಮೆ ಕೇಳಲಿ, ಎರಡು ನಿಮಿಷ ಸಾಕು.

ನಾನು ಹಾಗೇ ಮಾಡಿದೆ. ಆ ಸಾಲಿನ ಅರ್ಥ ಅಮ್ಮನಿಗೆ ವಿವರಿಸಿ, ನೀನಾದರೆ ಹೇಗೆ ಹೇಳ್ತೀಯಮ್ಮ ಅಂತ ಕೇಳಿದೆ. ಒಂದು ಕ್ಷಣವೂ ಯೋಚಿಸದೆ ಹೇಳಿದರು: ‘ಕೋಳಿ ಕೂಗೋ ಹೊತ್ತಿಗೆ ಏಳೋರು ಒಬ್ಬರು, ಕೋಳಿ ಕೂಗೋ ಹೊತ್ತಿಗೆ ಮಲಗೋರು ಇನ್ನೊಬ್ಬರು’. ಮುಂದಿನ ಸಲ ಇದನ್ನೇ ಬಳಸಿಕೊಳ್ಳಿ. ಅಮ್ಮನಿಗೂ ಖುಷಿಯಾಗುತ್ತದೆ.

– ನಿಮ್ಮ ಓದುಗ, ಐಂಡ್‌ಹೋವನ್, ನೆದರ್ಲೆಂಡ್ಸ್