ಸೋಲಿಗರ ಮದ್ದಿನ ಗಿಡಗಳನ್ನು ಉಳಿಸಿಕೊಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ನಾನು ಯಳಂದೂರು ಕಡೆಯವನು. ನಮ್ಮ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ವಾಸಿಸುವ ಬುಡಕಟ್ಟು ಜನರಾದ ಸೋಲಿಗರು ಹೊಟ್ಟೆ ಕೆಟ್ಟರೆ ಕಾಡಿನ ಕಡೆ ನೋಡುತ್ತಾರೆ. ಮಲಬದ್ಧತೆಗೆ ಅಳಲೆಕಾಯಿ, ಭೇದಿಗೆ ಬಿಲ್ವದ ಎಳೆಕಾಯಿ, ಹಸಿವಾಗದಿದ್ದರೆ ಮಾಕಳಿ ಬೇರು. ನೆಲ್ಲಿಕಾಯಿಯಂತೂ ಮದ್ದೂ ಹೌದು, ಸಂಪಾದನೆಯೂ ಹೌದು. ಮಗುವಿಗೆ ಜೋರು ಭೇದಿಯಾದರೆ ಓಆರ್‌ಎಸ್ ಕುಡಿಸಿ ಆಸ್ಪತ್ರೆಗೇ ಓಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನನಿತ್ಯದ ಅಜೀರ್ಣ, ಹೊಟ್ಟೆಯುಬ್ಬರಕ್ಕೆ ಪೋಡಿನ ಪಕ್ಕದಲ್ಲೇ ಮದ್ದಿರುವುದು ಸಣ್ಣ ವಿಷಯವಲ್ಲ.

ಆ ಕಾಡನ್ನು ಈಗ ಲಂಟಾನ ಅನ್ನುವ ಹೊರನಾಡಿನ ಕಳೆಗಿಡ ನುಂಗುತ್ತಿದೆ. 1997ರ ಸಮೀಕ್ಷೆಯಲ್ಲಿ ಶೇ. 41ರಷ್ಟು ತಾಕುಗಳಲ್ಲಿ ಲಂಟಾನ ಇತ್ತು. 2008ಕ್ಕೆ ಅದು ಶೇ. 81 ಆಯಿತು. ಅದರ ಪೊದೆಯಡಿ ನೆಲ್ಲಿ ಸಸಿ ಏಳುವುದು ಕಷ್ಟ. ದೊಡ್ಡ ಮರಗಳಿಗೆ, ಕೊಂಬೆಯ ಮೇಲೇ ಬೆಳೆದು ರಸ ಹೀರುವ ಬಂದಳಿಕೆಯ ಕಾಟ ಬೇರೆ. ಸೋಲಿಗರು ಅದನ್ನು ಉಪ್ಪಿಲು ಅನ್ನುತ್ತಾರೆ. ಹಿಂದೆಲ್ಲ ಬೇಸಿಗೆ ಶುರುವಿನಲ್ಲಿ ಅವರು ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆಯಷ್ಟೇ ಸುಡುವ ಸಣ್ಣ ಬೆಂಕಿ ಅದು. ಉಪ್ಪಿಲು, ಲಂಟಾನ ಎರಡೂ ಆಗ ಹದ್ದುಬಸ್ತಿನಲ್ಲಿದ್ದವು ಅಂತ ಹಿರಿಯರು ಹೇಳುತ್ತಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತುಹೋಯಿತು. ಈಗ ಲಂಟಾನ ಇಷ್ಟು ದಟ್ಟವಾಗಿರುವಾಗ ಸುಮ್ನೆ ಬೆಂಕಿ ಹಾಕಿದರೆ ಅದು ಮರದ ತುದಿಗೇ ಏರುತ್ತದೆ. ಹಾಗಾಗಿ ಮೊದಲು ಅದನ್ನು ಬೇರುಸಮೇತ ಕೀಳಿಸಬೇಕು.

2011ರಲ್ಲಿ ಈ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಾಯಿ, ಬೇರು ತರುವ ಹಕ್ಕಿನ ಜೊತೆಗೆ ಕಾಡನ್ನು ಕಾಪಾಡಿ ನೋಡಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಗಿಡವೇ ಉಳಿಯದಿದ್ದರೆ ಬರೀ ಹಕ್ಕುಪತ್ರ ಇಟ್ಟುಕೊಂಡು ಅವರೇನು ಮಾಡಬೇಕು, ಸ್ವಾಮಿ?

ನನ್ನ ಬೇಡಿಕೆ ಇಷ್ಟೇ. ಲಂಟಾನ ಕೀಳುವ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಬಿಡದೆ ಗ್ರಾಮಸಭೆಗಳಿಗೇ ಕೊಡಿ, ಅವರಿಗೆ ಸರಿಯಾದ ಕೂಲಿ ಸಿಗಲಿ. ಎಲ್ಲಿ ಕೀಳಬೇಕು, ಯಾವ ಸಸಿ ಉಳಿಸಬೇಕು ಅನ್ನುವುದನ್ನು ಅವರೇ ತೋರಿಸಲಿ. ಕಿತ್ತು ಸ್ವಚ್ಛವಾದ ಸಣ್ಣ ತಾಕುಗಳಲ್ಲಿ ನಿಮ್ಮ ಸಿಬ್ಬಂದಿಯ ಎದುರೇ ತರಗು ಬೆಂಕಿಯನ್ನು ಪರೀಕ್ಷೆ ಮಾಡಿ ನೋಡಿ. ಮಾಕಳಿಯ ಮಾತು ಸ್ವಲ್ಪ ಬೇರೆ. ಬೇರನ್ನೇ ಪೂರ್ತಿ ಅಗೆದರೆ ಗಿಡವೇ ಹೋಯಿತು, ಅಲ್ವಾ? ಮಾರಾಟದ ಆಸೆಗೆ ಅಗೆಯುವುದಕ್ಕೆ ಗ್ರಾಮಸಭೆಯೇ ಮಿತಿ ಹಾಕಲಿ. ಅದರ ಸಸಿ ಬೆಳೆಸಲು ಇಲಾಖೆ ನರ್ಸರಿ ಕೊಡಲಿ.

ಮುಂದಿನ ಬೇಸಿಗೆಗೆ ಮುಂಚೆ ಒಮ್ಮೆ ಬೆಟ್ಟಕ್ಕೆ ಬಂದು ಗ್ರಾಮಸಭೆಯಲ್ಲಿ ಕೂತು ಈ ಬಗ್ಗೆ ತೀರ್ಮಾನ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ಯಳಂದೂರು ತಾಲ್ಲೂಕಿನ ಒಬ್ಬ ನಾಗರಿಕ